ಹನ್ನೊಂದು ತಿಂಗಳ ರಾಜ್ಯಭಾರ

(ಮಹೋತ್ಸವದ ಮಹಿಳಾಗೋಷ್ಠಿಯಲ್ಲಿ ಮಾಡಿದ ಭಾಷಣ)



ಸ್ತ್ರೀಯರೂ ರಾಜ್ಯಭಾರವೂ ಎಂಬ ವಿಷಯವಾಗಿ ಕೆಲವು ಮಾತುಗಳನ್ನು ಬಿನ್ನವಿಸಬೇಕೆಂದು ನನಗೆ ಅಪ್ಪಣೆಯಾಗಿರುವುದು. ವಿಷಯವು ಸಾಗರದಷ್ಟಿದೆ; ನನಗೆ ದೊರೆತಿರುವ ಕಾಲವು ಒಂದು ಬೊಗಸೆಯಷ್ಟು. ಆದುದರಿಂದ ಸಿಂಹಾಸನದ ಹಕ್ಕಿನಿಂದ ಆಳಿದ ರಾಣಿಯರ ಕಥೆಯನ್ನು ಬದಿಗಿಟ್ಟು, ರಾಜ್ಯವನ್ನು ಸ್ವಲ್ಪ ಕಾಲದ ಮಟ್ಟಿಗೆ ಮಾತ್ರ ವಹಿಸಿಕೊಂಡು, ಆ ಕಾಲವು ತೀರಿದೊಡನೆ ಮತ್ತೊಬ್ಬರಿಗೆ ಒಪ್ಪಿಸಿ ಹೊರಟುಹೋದ ಒಬ್ಬ ಮಹಿಳೆಯ ಸಂಗತಿಯನ್ನು ಹೇಳಬೇಕೆಂದಿದ್ದೇನೆ. ಈ ಮಹಿಳೆ ನಮ್ಮ ನಾಡಿನವರಲ್ಲ. ಆಫ್ರಿಕಾ ಖಂಡದ ಪಶ್ಚಿಮ ಕರಾವಳಿಯಲ್ಲಿರುವ ಲೈಬೀರಿಯ ದೇಶದವರು. ಹೆಸರು ರೂತ್ ಸ್ಯಾಂಡೋ ಪೆರಿ.

ಪರರಾಜ್ಯವನ್ನು ಕೈಯಲ್ಲಿ ಹಿಡಿದುಕೊಂಡು ಕಾಪಾಡುವ ಈ ಬಗೆಯ ಅಧಿಕಾರವು ನಮಗೆ ಹೊಸದಲ್ಲವೆಂಬುದನ್ನು ತಾವು ಬಲ್ಲಿರಿ. ೧೮೯೪ರ ಡಿಸೆಂಬರಿನಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರವರು ಕಲ್ಕತ್ತೆಯಲ್ಲಿ ಅಕಾಲದಲ್ಲಿ ಸ್ವರ್ಗಸ್ಥರಾದಾಗ ಯುವರಾಜರು ಇನ್ನೂ ಬಾಲಕರು. ಮಹಾರಾಣಿ ವಾಣೀವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರು ರಾಜ್ಯವನ್ನು ವಹಿಸಿಕೊಂಡು, ೧೯೦೨ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರಿಗೆ ಒಪ್ಪಿಸಿದರು. ಅದು ತಾಯಿ ಮಗನಿಗೆ ಒಪ್ಪಿಸಿದ ರಾಜ್ಯ. ಯಾರಿಗೆ ಕೊಡುತ್ತೇನೆಂಬುದು ಮೊದಲ ದಿನವೇ ಗೊತ್ತಿತ್ತು; ಆತನನ್ನು ಅದಕ್ಕೆ ತಕ್ಕವನನ್ನಾಗಿ ಬೆಳೆಸುವುದಕ್ಕೆ ಏಳು ವರ್ಷಗಳ ಅವಕಾಶವೂ ಇತ್ತು. ನಾನು ಹೇಳಲಿರುವ ಮಹಿಳೆಗಾದರೋ ಈ ಎರಡು ಭಾಗ್ಯಗಳೂ ಇರಲಿಲ್ಲ. ಅವರಿಗೆ ದೊರೆತದ್ದು ಹನ್ನೊಂದು ತಿಂಗಳು. ಕಡೆಯಲ್ಲಿ ಅವರು ರಾಜ್ಯವನ್ನು ಯಾರ ಕೈಗೆ ಕೊಡಬೇಕಾಗಿ ಬಂದಿತೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ದೇಶದ ಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು. ಲೈಬೀರಿಯವು ವಿಸ್ತಾರದಲ್ಲಿ ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚಿನದು; ಮಳೆಕಾಡು, ರಬ್ಬರಿನ ತೋಟ, ಕಬ್ಬಿಣದ ಅದಿರು ಇವು ಅದರ ಸಂಪತ್ತು. ಅಮೆರಿಕೆಯಲ್ಲಿ ದಾಸ್ಯದಿಂದ ಬಿಡುಗಡೆ ಹೊಂದಿದ ಕರಿಯರು ಹಡಗುಗಳಲ್ಲಿ ಬಂದು ಅಲ್ಲಿ ನೆಲೆಸಿ, ೧೮೪೭ರಲ್ಲಿ ಸ್ವತಂತ್ರ ಗಣರಾಜ್ಯವನ್ನು ಸ್ಥಾಪಿಸಿದರು. ದಾಸ್ಯದಿಂದ ಬಿಡುಗಡೆಯಾದವರ ಸಂತತಿಯೇ ಆ ನೆಲದ ಮೂಲನಿವಾಸಿಗಳನ್ನು ನೂರಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕೆಳಗಿಟ್ಟು ಆಳಿತೆಂಬುದು ಮನುಷ್ಯಸ್ವಭಾವದ ಒಂದು ವಿಚಿತ್ರ. ೧೯೮೦ರ ಏಪ್ರಿಲ್ ತಿಂಗಳಲ್ಲಿ ಸ್ಯಾಮ್ಯುಯಲ್ ಡೋ ಎಂಬ ಸಾಮಾನ್ಯ ಸೈನಿಕನೊಬ್ಬನು ರಾಷ್ಟ್ರಾಧ್ಯಕ್ಷ ಟಾಲ್ಬರ್ಟರನ್ನು ಕೊಲ್ಲಿಸಿ ಅಧಿಕಾರವನ್ನು ಕಿತ್ತುಕೊಂಡನು. ೧೯೮೯ರ ಡಿಸೆಂಬರ್ ೨೪ರಂದು ಚಾರ್ಲ್ಸ್ ಟೇಲರನೆಂಬಾತನು ನೆರೆರಾಜ್ಯದ ಗಡಿಯನ್ನು ದಾಟಿ ಡೋನ ಮೇಲೆ ದಂಡೆತ್ತಿ ಬಂದನು. ಮರುವರ್ಷ ಸೆಪ್ಟೆಂಬರಿನಲ್ಲಿ ಡೋ ಹತನಾದನು. ಆದರೆ ಯುದ್ಧವು ಅವನೊಡನೆ ಸಾಯಲಿಲ್ಲ. ಒಬ್ಬ ದೊರೆಯ ಸ್ಥಾನದಲ್ಲಿ ಹಲವು ಪಾಳೆಯಗಾರರು ಹುಟ್ಟಿಕೊಂಡರು. ಒಬ್ಬೊಬ್ಬನಿಗೆ ಒಂದೊಂದು ಸೀಮೆ, ಒಂದೊಂದು ದಂಡು. ಆ ದಂಡುಗಳಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗರ ಕೈಯಲ್ಲಿಯೂ ಬಂದೂಕುಗಳಿದ್ದುವು. ಇಪ್ಪತ್ತೈದು ಲಕ್ಷದಷ್ಟು ಜನರಿದ್ದ ಆ ನಾಡಿನಲ್ಲಿ ಸತ್ತವರ ಸಂಖ್ಯೆ ಒಂದೂವರೆ ಲಕ್ಷವನ್ನು ಮೀರಿತೆಂದು ಅಂದಾಜು. ಅರ್ಧದಷ್ಟು ಜನ ಮನೆಮಠಗಳನ್ನು ಬಿಟ್ಟು ಓಡಿದರು. ಪಶ್ಚಿಮ ಆಫ್ರಿಕಾದ ರಾಜ್ಯಗಳು ಕೂಡಿ ಶಾಂತಿಪಾಲನೆಗೆಂದು ಒಂದು ಸೈನ್ಯವನ್ನು ಕಳುಹಿಸಿದುವು. ಆರು ವರ್ಷಗಳಲ್ಲಿ ಹತ್ತಕ್ಕೂ ಹೆಚ್ಚು ಒಪ್ಪಂದಗಳಾದುವು. ಪ್ರತಿಯೊಂದಕ್ಕೂ ಪಾಳೆಯಗಾರರು ಸಹಿ ಮಾಡಿದರು, ಪ್ರತಿಯೊಂದನ್ನೂ ಮುರಿದರು.

೧೯೯೫ರ ಆಗಸ್ಟಿನಲ್ಲಿ ನೈಜೀರಿಯದ ರಾಜಧಾನಿಯಾದ ಅಬೂಜದಲ್ಲಿ ಆದ ಒಪ್ಪಂದದಂತೆ ಆರು ಮಂದಿಯ ಒಂದು ರಾಜ್ಯಮಂಡಲಿ ಏರ್ಪಟ್ಟಿತು. ಅದರಲ್ಲಿ ಟೇಲರ್, ಅಲ್ಹಾಜಿ ಕ್ರೋಮಾ, ಜಾರ್ಜ್ ಬೋಲಿ ಎಂಬ ಮೂವರು ಪಾಳೆಯಗಾರರೇ ಸದಸ್ಯರು. ಅಧ್ಯಕ್ಷರಾದವರು ವಿಲ್ಟನ್ ಸಂಕಾವುಲೊ ಎಂಬ ಸಾಹಿತಿಗಳು, ವಿಶ್ವವಿದ್ಯಾನಿಲಯದ ಅಧ್ಯಾಪಕರು. ಮಂತ್ರಿಪದವಿಗಳನ್ನು ದಂಡುಗಳವರು ತಮ್ಮತಮ್ಮೊಳಗೆ ಹಂಚಿಕೊಂಡರು. ತಲೆಯ ಮೇಲೆ ಒಬ್ಬ ಪಂಡಿತ, ಸುತ್ತಲೂ ಕತ್ತಿ ಹಿರಿದವರು, ಫಲವೇನಾದೀತೆಂಬುದನ್ನು ಊಹಿಸಬಹುದು. ೧೯೯೬ರ ಏಪ್ರಿಲ್ ೬ರಂದು ರಾಜಧಾನಿಯಾದ ಮನ್ರೋವಿಯದ ಬೀದಿಗಳಲ್ಲಿಯೇ ಕಾಳಗ ಹತ್ತಿಕೊಂಡು, ಅದುವರೆಗೆ ಹೇಗೋ ಉಳಿದುಕೊಂಡಿದ್ದ ನಗರವು ವಾರಗಟ್ಟಲೆ ಸೂರೆಯಾಯಿತು.

ಈ ಕಾಲದಲ್ಲಿ ಮಾತನಾಡಲು ಎದ್ದುನಿಂತವರು ಹೆಂಗಸರು. ಮೇರಿ ಬ್ರೌನೆಲ್ ಎಂಬ ನಿವೃತ್ತ ಉಪಾಧ್ಯಾಯಿನಿಯವರ ಮುಂದಾಳುತನದಲ್ಲಿ ೧೯೯೪ರಲ್ಲಿಯೇ ಒಂದು ಸ್ತ್ರೀಸಂಘವು ಹುಟ್ಟಿತ್ತು. ಅವರ ಬೇಡಿಕೆ ಒಂದೇ: ಮೊದಲು ಶಸ್ತ್ರ ಇಳಿಸಿರಿ, ಆಮೇಲೆ ಪದವಿಗಳ ಮಾತು. ಸಂಧಾನದ ಸಭೆಗಳಿಗೆ ಅವರಿಗೆ ಆಹ್ವಾನವಿರಲಿಲ್ಲ. ಯುದ್ಧ ಮಾಡಿದವರಿಗೆ ಪೀಠಗಳಿದ್ದುವು. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡವರಿಗೆ ಬಾಗಿಲಿನ ಹೊರಗೆ ನಿಲ್ಲುವ ಸ್ಥಳ. ಆದರೂ ಅವರು ಹೋದರು, ನಿಂತರು, ತಮ್ಮ ಮಾತನ್ನು ಕೇಳಿಸಿದರು. ಇಂಥ ಸ್ತ್ರೀಸಂಘಗಳಲ್ಲಿ ದುಡಿದವರ ಪೈಕಿ ರೂತ್ ಪೆರಿಯವರೂ ಒಬ್ಬರು.

ಅವರ ಪೂರ್ವವೃತ್ತಾಂತವು ಸಂಕ್ಷೇಪವಾದದ್ದು. ೧೯೩೯ರಲ್ಲಿ, ಸಿಯೆರಾ ಲಿಯೋನಿನ ಗಡಿಯ ಕಡೆಯ ಸೀಮೆಯಲ್ಲಿ, ವಾಯ್ ಎಂಬ ಬುಡಕಟ್ಟಿನ ಮುಸಲ್ಮಾನ ಮನೆತನದಲ್ಲಿ ಜನನ. ಓದಿದ್ದು ಕ್ರೈಸ್ತ ಸಂನ್ಯಾಸಿನಿಯರ ಶಾಲೆಯಲ್ಲಿ. ಸ್ವಂತ ಸೀಮೆಯಲ್ಲಿಯೇ ಮಕ್ಕಳಿಗೆ ಪಾಠ ಹೇಳಿದರು. ಪತಿಯು ನ್ಯಾಯಾಧೀಶರೂ ಶಾಸನಸಭೆಯವರೂ ಆಗಿದ್ದರು. ಏಳು ಮಕ್ಕಳ ಸಂಸಾರ. ಮಕ್ಕಳು ದೊಡ್ಡವರಾಗುತ್ತಿದ್ದಂತೆ ಮನ್ರೋವಿಯದ ಒಂದು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದರು. ಇಷ್ಟರಲ್ಲಿ ರಾಜ್ಯವನ್ನಾಳುವ ಲಕ್ಷಣವೆಲ್ಲಿದೆಯೆಂದು ಕೇಳುವವರಿರಬಹುದು. ಏಳು ಮಕ್ಕಳ ಜಗಳವನ್ನು ತೀರಿಸಿ, ಪರರ ಹಣವನ್ನು ಕಾಸಿಗೆ ಕಾಸು ಲೆಕ್ಕವಿಟ್ಟು ಸಂಜೆಗೆ ಒಪ್ಪಿಸಿ ಬರುವ ಅಭ್ಯಾಸವು ಆ ಹನ್ನೊಂದು ತಿಂಗಳಿಗೆ ಯಾವ ರಾಜನೀತಿಯ ಪರೀಕ್ಷೆಗಿಂತಲೂ ಕಡಿಮೆಯ ಸಿದ್ಧತೆಯಲ್ಲವೆಂಬುದು ನನ್ನ ಅಭಿಪ್ರಾಯ.

ಅವರ ಜೀವನದ ಒಂದು ಪ್ರಸಂಗವನ್ನು ಮಾತ್ರ ಸ್ವಲ್ಪ ವಿಸ್ತರಿಸಿ ಹೇಳಬೇಕು. ೧೯೮೫ರಲ್ಲಿ ಡೋನು ಚುನಾವಣೆಯನ್ನು ನಡೆಯಿಸಿ, ಎಣಿಕೆಯಲ್ಲಿ ಮೋಸಮಾಡಿ ತಾನೇ ಗೆದ್ದುಕೊಂಡನೆಂದು ದೇಶದಲ್ಲೆಲ್ಲ ಅಸಮಾಧಾನವೆದ್ದಿತು. ಆ ಚುನಾವಣೆಯಲ್ಲಿ ವಿರೋಧಪಕ್ಷಗಳಿಂದ ಮೇಲ್ಮನೆಗೆ ಆರಿಸಿಬಂದ ಇಬ್ಬರು ಮಹಿಳೆಯರಿದ್ದರು. ಒಬ್ಬರು ಎಲೆನ್ ಜಾನ್ಸನ್ ಸರ್ಲೀಫ್. ಇನ್ನೊಬ್ಬರು ನಮ್ಮ ರೂತ್ ಪೆರಿ. ಮೋಸದ ಸಭೆಯಲ್ಲಿ ಕುಳಿತರೆ ಮೋಸವನ್ನು ಒಪ್ಪಿದಂತಾಗುವುದೆಂದು ಸರ್ಲೀಫರು ತಮ್ಮ ಸ್ಥಾನವನ್ನು ತ್ಯಜಿಸಿದರು. ಪೆರಿಯವರ ಪಕ್ಷದವರೂ ಹಾಗೆಯೇ ಹೊರಗುಳಿದರು. ಪೆರಿಯವರೊಬ್ಬರು ಮಾತ್ರ ಹೋಗಿ ಕುಳಿತರು. ದೂರ ನಿಂತವರಿಂದ ಯಾವ ಕಷ್ಟವೂ ಪರಿಹಾರವಾಗುವುದಿಲ್ಲವೆಂಬುದು ಅವರ ವಾದ. ಪಕ್ಷದವರ ನಿಂದೆಯನ್ನು ಹೊತ್ತು, ಡೋನ ಅನುಯಾಯಿಗಳ ನಡುವೆ ಒಂಟಿಯಾಗಿ ೧೯೮೯ರವರೆಗೆ ಆ ಸಭೆಯಲ್ಲಿದ್ದರು.

ಇವರಿಬ್ಬರಲ್ಲಿ ಯಾರದು ಸರಿಯೆಂದು ತೀರ್ಪು ಹೇಳುವುದು ಸುಲಭವಲ್ಲ. ನನ್ನ ಮನಸ್ಸು ಸರ್ಲೀಫರ ಕಡೆಗೇ ಮೊದಲು ವಾಲಿತ್ತೆಂಬುದನ್ನು ಮುಚ್ಚಿಡಲಾರೆ. ಅಧರ್ಮದ ಪಂಕ್ತಿಯಲ್ಲಿ ಊಟಕ್ಕೆ ಕೂಡುವವನೂ ಅಧರ್ಮಿಯೇ ಎಂದು ನಾವು ಕೇಳಿ ಬೆಳೆದವರಲ್ಲವೆ? ಆದರೆ ೧೯೯೬ರಲ್ಲಿ ನಡೆದುದನ್ನು ನೋಡಿದ ಮೇಲೆ, ಹಗೆಗಳ ನಡುವೆ ಹಗೆಯಾಗದೆ ಕುಳಿತಿರುವುದೂ ಒಂದು ವಿದ್ಯೆ, ಅದನ್ನು ಪೆರಿಯವರು ಆ ನಾಲ್ಕು ವರ್ಷಗಳಲ್ಲಿ ಕಲಿತರು ಎಂದು ಹೇಳಬೇಕಾಗಿದೆ.

೧೯೯೬ರ ಆಗಸ್ಟ್ ೧೭ರಂದು ಪಶ್ಚಿಮ ಆಫ್ರಿಕಾದ ರಾಷ್ಟ್ರನಾಯಕರು ಮತ್ತೆ ಅಬೂಜದಲ್ಲಿ ಕಲೆತರು. ರಾಜ್ಯಮಂಡಲಿಯ ಅಧ್ಯಕ್ಷಪದವಿಯಿಂದ ಸಂಕಾವುಲೊರವರನ್ನು ಇಳಿಸಿ, ರೂತ್ ಪೆರಿಯವರನ್ನು ನೇಮಿಸಿದರು. ಮೂವರು ಪಾಳೆಯಗಾರರೂ ಉಪಾಧ್ಯಕ್ಷರಾಗಿ ಅವರ ಕೆಳಗೆ ಉಳಿದರು. ಸೆಪ್ಟೆಂಬರ್ ೩ರಂದು ಅವರು ಅಧಿಕಾರವನ್ನು ಸ್ವೀಕರಿಸಿದರು. ಈಗಿನ ಕಾಲದ ಆಫ್ರಿಕಾದಲ್ಲಿ ರಾಷ್ಟ್ರದ ಮುಖ್ಯಸ್ಥಾನಕ್ಕೆ ಬಂದ ಮೊದಲ ಮಹಿಳೆಯೆಂದು ಅವರನ್ನು ಕರೆಯುವುದುಂಟು. ಅಬಿಸೀನಿಯದ ಚಕ್ರವರ್ತಿನಿ ಜೌಡಿತು ೧೯೧೬ರಿಂದ ೧೯೩೦ರವರೆಗೆ ಆಳಿದ್ದಳು. ೧೯೮೪ರಲ್ಲಿ ಗಿನಿ ಬಿಸಾವಿನ ಕಾರ್ಮೆನ್ ಪೆರೇರರವರು ಮೂರು ದಿನಗಳ ಮಟ್ಟಿಗೆ ಆ ಸ್ಥಾನದಲ್ಲಿದ್ದರು. ಈ ಲೆಕ್ಕಗಳು ಪಂಡಿತರಿಗಿರಲಿ.

ಅವರಿಗೆ ದಂಡಿರಲಿಲ್ಲ, ಪಕ್ಷವಿರಲಿಲ್ಲ, ಬೊಕ್ಕಸದಲ್ಲಿ ಹಣವಿರಲಿಲ್ಲ. ಎದುರಿಗೆ ಕುಳಿತ ಮೂವರಿಗೆ ಎಲ್ಲವೂ ಇತ್ತು. ಅವರನ್ನು ಹೇಗೆ ಅಂಕೆಯಲ್ಲಿಡುತ್ತೀರೆಂದು ಕೇಳಿದವರಿಗೆ, ತಾಯಿಯು ಮಕ್ಕಳನ್ನು ಕಾಣುವಂತೆ ಕಾಣುತ್ತೇನೆ, ಬೇಕಾದರೆ ಶಿಕ್ಷೆಯನ್ನೂ ಕೊಡುತ್ತೇನೆ ಎಂಬ ಅರ್ಥ ಬರುವಂತೆ ಉತ್ತರ ಕೊಟ್ಟರೆಂದು ಪತ್ರಿಕೆಗಳಲ್ಲಿ ಬಂದಿತ್ತು. ಕೇಳಿ ನಕ್ಕವರುಂಟು. ಆದರೆ ಈ ಮಾತಿನೊಳಗಿನ ಜಾಣತನವನ್ನು ಗಮನಿಸಬೇಕು. ಪಾಳೆಯಗಾರನು ಇನ್ನೊಬ್ಬ ಪಾಳೆಯಗಾರನಿಗೆ ಬಗ್ಗಿದರೆ ಸೋತಂತಾಯಿತು. ಅವನ ದಂಡೇ ಅವನನ್ನು ಹಳಿಯುತ್ತದೆ. ತಾಯಿಯ ಸ್ಥಾನದಲ್ಲಿರುವವಳ ಮಾತಿಗೆ ಬಗ್ಗಿದರೆ ಮಾನಕ್ಕೆ ಭಂಗವಿಲ್ಲ. ಸೋಲದೆ ಹಿಂದಕ್ಕೆ ಸರಿಯುವುದಕ್ಕೆ ಅವರು ಆ ಗಂಡಸರಿಗೆ ಒಂದು ಬಾಗಿಲನ್ನು ತೆರೆದಿಟ್ಟರು. ಮುಂದಿನ ಚುನಾವಣೆಯಲ್ಲಿ ಅವರು ಅಭ್ಯರ್ಥಿಯಾಗಿರಲಿಲ್ಲವಾದುದರಿಂದ, ಅವರು ಹೇಳಿದ ಯಾವ ಮಾತಿನಲ್ಲಿಯೂ ಸ್ವಾರ್ಥವನ್ನು ಹುಡುಕುವಂತಿರಲಿಲ್ಲ. ತಾತ್ಕಾಲಿಕವಾದ ಅಧಿಕಾರವು ದುರ್ಬಲವೆಂದು ನಾವು ಎಣಿಸುತ್ತೇವೆ. ಇಲ್ಲಿ ಅದರ ತಾತ್ಕಾಲಿಕತೆಯೇ ಅದರ ಬಲವಾಗಿ ಪರಿಣಮಿಸಿತು.

ಹಾಗೆಂದು ಎಲ್ಲವೂ ಒಬ್ಬರ ಮಹಿಮೆಯಿಂದಲೇ ಆಯಿತೆಂದರೆ ಸತ್ಯಕ್ಕೆ ಅಪಚಾರವಾದೀತು. ಒಪ್ಪಂದವನ್ನು ಮುರಿದ ಪಾಳೆಯಗಾರರ ಹಣವನ್ನು ತಡೆಹಿಡಿಯುವುದು, ಪರದೇಶ ಪ್ರವಾಸಕ್ಕೆ ಅಡ್ಡಿ ಮಾಡುವುದು, ಯುದ್ಧಾಪರಾಧದ ವಿಚಾರಣೆಗೆ ಗುರಿಪಡಿಸುವುದು ಎಂಬ ಬೆದರಿಕೆಗಳು ಈ ಸಲ ಅಬೂಜದ ನಿರ್ಣಯದಲ್ಲಿದ್ದುವು. ಶಾಂತಿಸೈನ್ಯವೂ ಬಲಗೊಂಡಿತು. ಸಂಕಾವುಲೊರವರಿಗೆ ಈ ಬೆಂಬಲಗಳು ಇಷ್ಟು ಪ್ರಮಾಣದಲ್ಲಿ ಇರಲಿಲ್ಲ. ಆದುದರಿಂದ ಆ ಸಾಧುಗಳನ್ನು ಹಗುರವಾಗಿ ಕಾಣಬಾರದು.

ಪರೀಕ್ಷೆಯ ದಿನವು ಬೇಗನೆ ಬಂದಿತು. ಅಕ್ಟೋಬರ್ ೩೧ರಂದು ಮನ್ರೋವಿಯದ ರಾಷ್ಟ್ರಪತಿ ಭವನದೊಳಗೆಯೇ ಟೇಲರನನ್ನು ಕೊಲ್ಲುವ ಪ್ರಯತ್ನ ನಡೆಯಿತು. ಅವನು ಉಳಿದುಕೊಂಡನು, ಅವನ ಕಡೆಯ ಕೆಲವರು ಸತ್ತರು. ಏಪ್ರಿಲಿನ ಕಾಳಗವು ಮರುಕಳಿಸುವುದೆಂದು ಊರೆಲ್ಲ ಹೆದರಿ ಉಸಿರು ಬಿಗಿಹಿಡಿಯಿತು. ಮರುಕಳಿಸಲಿಲ್ಲ. ಮಂಡಲಿಯು ಒಡೆಯಲಿಲ್ಲ. ಮೂರು ವಾರಗಳ ಮೇಲೆ, ನವೆಂಬರ್ ೨೨ರಂದು, ಗೊತ್ತುಮಾಡಿದ್ದ ದಿನವೇ ಶಸ್ತ್ರಗಳನ್ನು ಒಪ್ಪಿಸುವ ಕಾರ್ಯವು ಆರಂಭವಾಯಿತು. ದಂಡುಗಳಲ್ಲಿ ಅರುವತ್ತು ಸಾವಿರ ಜನರಿರುವರೆಂದು ಮೊದಲು ಹೇಳುತ್ತಿದ್ದರು. ಎಣಿಸಿ ನೋಡಿದಾಗ ಮೂವತ್ತಮೂರು ಸಾವಿರವೆಂದು ಅಂದಾಜಾಯಿತು. ಫೆಬ್ರವರಿಯ ಮೊದಲ ಭಾಗದೊಳಗಾಗಿ ಅವರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಬಂದು ಆಯುಧಗಳನ್ನಿಳಿಸಿದರು. ಅವರ ಪೈಕಿ ನಾಲ್ಕು ಸಾವಿರಕ್ಕಿಂತ ಅಧಿಕ ಮಂದಿ ಮಕ್ಕಳು. ಇನ್ನೊಂದು ಸಂಖ್ಯೆಯನ್ನೂ ತಾಯಂದಿರು ಲಕ್ಷ್ಯದಲ್ಲಿಡಬೇಕು: ಕೈಸೇರಿದ ಬಂದೂಕುಗಳು ಹತ್ತು ಸಾವಿರದಷ್ಟು ಮಾತ್ರ. ಇಪ್ಪತ್ತು ಸಾವಿರ ಕೈಗಳಿಗೆ ಹತ್ತು ಸಾವಿರ ಬಂದೂಕು! ಉಳಿದುವು ಎಲ್ಲಿ ಹೋದುವು? ಕಾಡಿನಲ್ಲಿ ಹೂತಿಟ್ಟರೋ, ಗಡಿಯಾಚೆಗೆ ಸಾಗಿಸಿದರೋ, ಒಂದನ್ನೇ ಇಬ್ಬರು ಹಿಡಿದಿದ್ದರೋ, ದೇವರೇ ಬಲ್ಲ.

ಚುನಾವಣೆಗೆ ನಿಲ್ಲಬೇಕೆನ್ನುವವರು ರಾಜ್ಯಮಂಡಲಿಯನ್ನು ಬಿಡಬೇಕೆಂಬ ನಿಯಮವಿತ್ತು. ಮೂವರು ಪಾಳೆಯಗಾರರೂ ರಾಜೀನಾಮೆ ಕೊಟ್ಟು, ಬಂದೂಕನ್ನು ಬಿಟ್ಟು ಮತವನ್ನು ಕೇಳಲು ಹೊರಟರು. ಮೇ ೩೦ಕ್ಕೆಂದು ಗೊತ್ತಾಗಿದ್ದ ಚುನಾವಣೆಯು ಸಿದ್ಧತೆ ಸಾಲದೆ ಮುಂದಕ್ಕೆ ಹೋಗಿ, ೧೯೯೭ರ ಜುಲೈ ೧೯ರಂದು ನಡೆಯಿತು. ಬೆಳಗಿನ ಜಾವದಿಂದಲೇ ಜನರು ಸಾಲುಗಟ್ಟಿ ನಿಂತರು. ಅಭ್ಯರ್ಥಿಗಳು ಹದಿಮೂರು ಮಂದಿ. ಅವರಲ್ಲಿ, ಹನ್ನೆರಡು ವರ್ಷಗಳ ಹಿಂದೆ ಸಭೆಯಲ್ಲಿ ಕುಳಿತುಕೊಳ್ಳಲು ಒಲ್ಲದ ಎಲೆನ್ ಸರ್ಲೀಫರೂ ಇದ್ದರು. ಅದೂ ಎಂದೋ ಪೆರಿಯವರದಾಗಿದ್ದ ಪಕ್ಷದಿಂದಲೇ. ಒಬ್ಬ ಮಹಿಳೆ ಪೀಠದಲ್ಲಿ, ಮತ್ತೊಬ್ಬ ಮಹಿಳೆ ಕಣದಲ್ಲಿ. ಜನರು ಆರಿಸಿದ್ದು ಯಾರನ್ನು?

ಚಾರ್ಲ್ಸ್ ಟೇಲರನನ್ನು. ನೂರಕ್ಕೆ ಎಪ್ಪತ್ತೈದು ಮತಗಳು ಅವನಿಗೆ. ಸರ್ಲೀಫರಿಗೆ ಹತ್ತರಷ್ಟೂ ಇಲ್ಲ. ಯುದ್ಧವನ್ನು ಹೊತ್ತಿಸಿದವನನ್ನೇ ಏತಕ್ಕೆ ಆರಿಸಿದಿರೆಂದರೆ, ಅವನು ಸೋತರೆ ಮತ್ತೆ ಕಾಡಿಗೆ ಹೋಗಿ ಯುದ್ಧವನ್ನು ತರುವನು, ಗೆದ್ದರಾದರೂ ಸುಮ್ಮನಿರುವನು ಎಂಬುದು ಹಲವರ ಉತ್ತರವಾಗಿತ್ತು. ಅವನ ಬಳಿ ಹಣವಿತ್ತು, ಆಕಾಶವಾಣಿಯ ಯಂತ್ರಗಳಿದ್ದುವು ಎಂಬುದೂ ನಿಜ. ಹೆದರಿಕೆಯಿಂದ ಕೊಟ್ಟ ಮತವೂ ಎಣಿಕೆಯಲ್ಲಿ ಮತವೇ.

ಆಗಸ್ಟ್ ೨ರಂದು ರೂತ್ ಪೆರಿಯವರು ಅಧಿಕಾರವನ್ನು ಟೇಲರನ ಕೈಗೆ ಒಪ್ಪಿಸಿದರು.

ಈ ಸ್ಥಳದಲ್ಲಿ ನನ್ನ ಮನಸ್ಸು ಯಾವಾಗಲೂ ನಿಲ್ಲುತ್ತದೆ. ಮೈಸೂರಿನ ಮಹಾರಾಣಿಯವರು ಒಪ್ಪಿಸಿದ್ದು ಮಗನಿಗೆ. ಇವರು ಒಪ್ಪಿಸಿದ್ದು ಮನೆಗೆ ಬೆಂಕಿಯಿಟ್ಟವನಿಗೆ. ಒಪ್ಪಿಸಬಾರದಾಗಿತ್ತೆ? ಇನ್ನೂ ಕೆಲವು ಕಾಲ ನಾನೇ ಇರುತ್ತೇನೆ, ಈತನು ತಕ್ಕವನಲ್ಲ ಎನ್ನಬಹುದಾಗಿತ್ತೆ? ಹಾಗೆ ಹೇಳಿದವರು ಚರಿತ್ರೆಯಲ್ಲಿ ಬೇಕಾದಷ್ಟಿದ್ದಾರೆ; ಅವರೆಲ್ಲರೂ ಮೊದಲು ಒಳ್ಳೆಯ ಕಾರಣವನ್ನೇ ಹೇಳಿದವರು. ಪೆರಿಯವರು ಹಾಗೆ ಮಾಡಿದ್ದರೆ, ಅವರ ಮಾತಿಗೆ ಬಲವನ್ನು ತಂದಿದ್ದ ಒಂದೇ ಒಂದು ಗುಣವು ಅಂದೇ ನಷ್ಟವಾಗಿ, ಅವರೂ ಒಬ್ಬ ಪಾಳೆಯಗಾರರಾಗುತ್ತಿದ್ದರು, ಅದೂ ದಂಡಿಲ್ಲದ ಪಾಳೆಯಗಾರರು. ಒಪ್ಪಿಸಿದ್ದರಲ್ಲಿ ತಪ್ಪಿಲ್ಲವೆಂದೇ ನನ್ನ ನಿರ್ಣಯ. ತಪ್ಪು ಬೇರೆಡೆಯಲ್ಲಿತ್ತು. ಹೆಂಗಸರು ಕೇಳಿದ್ದಂತೆ ಮೊದಲು ಶಸ್ತ್ರವನ್ನು ಪೂರ್ತಿಯಾಗಿ ಇಳಿಸಿ, ರಾಷ್ಟ್ರದ ಸೈನ್ಯವನ್ನು ಎಲ್ಲ ಪಂಗಡಗಳಿಗೂ ಸೇರಿದ ಹೊಸ ಸೈನ್ಯವನ್ನಾಗಿ ಕಟ್ಟಿ, ಆಮೇಲೆ ಮತಪೆಟ್ಟಿಗೆಯನ್ನಿಡಬೇಕಾಗಿತ್ತು. ದಣಿದುಹೋಗಿದ್ದ ನೆರೆರಾಜ್ಯಗಳಿಗೆ ಅಷ್ಟು ತಾಳ್ಮೆ ಇರಲಿಲ್ಲ. ಸೈನ್ಯದ ಪುನಾರಚನೆ ಚುನಾವಣೆಯ ಆಚೆಗೆ ಉಳಿಯಿತು; ಗೆದ್ದ ಟೇಲರನು ಅದನ್ನು ತನಗೆ ಬೇಕಾದಂತೆ ಮಾಡಿಕೊಂಡನು.

೧೯೯೯ರಲ್ಲಿ ಯುದ್ಧವು ಮತ್ತೆ ಹತ್ತಿಕೊಂಡಿತು. ಹಾಗಾದರೆ ಆ ಹನ್ನೊಂದು ತಿಂಗಳು ವ್ಯರ್ಥವೆ? ೨೦೦೩ರಲ್ಲಿ ಮನ್ರೋವಿಯದ ಮೀನುಮಾರುಕಟ್ಟೆಯ ಬಯಲಿನಲ್ಲಿ ಬಿಳಿಯ ಉಡುಗೆಯನ್ನುಟ್ಟ ಸಾವಿರಾರು ಹೆಂಗಸರು, ಕ್ರೈಸ್ತರೂ ಮುಸಲ್ಮಾನರೂ ಒಟ್ಟಾಗಿ, ಬಿಸಿಲು ಮಳೆಯೆನ್ನದೆ ದಿನದಿನವೂ ಬಂದು ಕುಳಿತರು. ಲೇಮಾ ಬೋವೀ ಎಂಬ ತರುಣಿ ಅವರ ಮುಂದಾಳು. ಘಾನಾ ದೇಶದ ಅಕ್ರಾ ನಗರದಲ್ಲಿ ಸಂಧಾನವು ವಾರಗಟ್ಟಲೆ ಎಳೆಯುತ್ತಿದ್ದಾಗ, ಈ ಹೆಂಗಸರು ಸಭಾಂಗಣದ ಬಾಗಿಲಿನಲ್ಲಿ ಕೈಕೈ ಹಿಡಿದು ಕುಳಿತು, ಒಪ್ಪಂದವಾಗದೆ ಒಳಗಿನವರು ಹೊರಬರಕೂಡದೆಂದು ತಡೆದರು. ೧೯೯೪ರಲ್ಲಿ ಹೊರಗೆ ನಿಲ್ಲಿಸಲ್ಪಟ್ಟವರ ತಂಗಿಯರು ೨೦೦೩ರಲ್ಲಿ ಬಾಗಿಲನ್ನೇ ಹಿಡಿದರು. ಆಗಸ್ಟ್ ೧೧ರಂದು ಟೇಲರನು ಪದವಿಯನ್ನು ಬಿಟ್ಟು ದೇಶದಿಂದ ಹೊರಟುಹೋದನು. ನೆರೆಯ ಸಿಯೆರಾ ಲಿಯೋನಿನಲ್ಲಿ ನಡೆದ ಅಪರಾಧಗಳಿಗಾಗಿ ೨೦೧೨ರಲ್ಲಿ ವಿಶೇಷ ನ್ಯಾಯಾಲಯವು ಅವನಿಗೆ ಐವತ್ತು ವರ್ಷಗಳ ಸೆರೆಯನ್ನು ವಿಧಿಸಿತು.

೨೦೦೬ರ ಜನವರಿ ೧೬ರಂದು ಎಲೆನ್ ಸರ್ಲೀಫರು ಚುನಾಯಿತ ರಾಷ್ಟ್ರಾಧ್ಯಕ್ಷಿಣಿಯಾಗಿ ಪ್ರಮಾಣವಚನವನ್ನು ಸ್ವೀಕರಿಸಿದರು. ಹೆಂಗಸೊಬ್ಬಳು ಆ ಪೀಠದಲ್ಲಿ ಕುಳಿತರೆ ರಾಜ್ಯವು ಉರುಳಿಬೀಳದೆಂಬುದನ್ನು ಅಷ್ಟರಲ್ಲಿ ಜನರು ಒಮ್ಮೆ ಕಣ್ಣಾರೆ ಕಂಡಿದ್ದರು. ಮುಂದಿನ ವರ್ಷ ವಿಶ್ವಸಂಸ್ಥೆಯ ಆಶ್ರಯದಲ್ಲಿ ನಮ್ಮ ಭರತಖಂಡದಿಂದ ನೂರಕ್ಕೂ ಹೆಚ್ಚು ಮಹಿಳಾ ಪೋಲೀಸರ ತಂಡವೊಂದು ಮನ್ರೋವಿಯಕ್ಕೆ ಹೋಗಿ, ಆ ಅಧ್ಯಕ್ಷಿಣಿಯ ಕಾರ್ಯಾಲಯದ ಕಾವಲನ್ನೂ ನಡೆಯಿಸಿತೆಂಬುದನ್ನು ಕೇಳಿದರೆ ಈ ಸಭೆಯ ತಾಯಂದಿರಿಗೆ ಸಂತೋಷವಾಗದಿರದು. ೨೦೧೬ರವರೆಗೆ ವರ್ಷವರ್ಷವೂ ಹೊಸ ತಂಡಗಳು ಹೋಗಿ ಬಂದುವು.

ಅಧಿಕಾರವನ್ನು ಬಿಟ್ಟ ಮೇಲೆ ರೂತ್ ಪೆರಿಯವರು ಆಫ್ರಿಕಾದ ಸ್ತ್ರೀಯರ ಶಾಂತಿಸಮಿತಿಯ ಅಧ್ಯಕ್ಷೆಯಾಗಿ ದುಡಿದರು. ರಾಜಪದವಿಯನ್ನು ಮತ್ತೆ ಬಯಸಿ ಬರಲಿಲ್ಲ. ೨೦೧೭ರ ಜನವರಿ ೮ರಂದು, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಅಮೆರಿಕೆಯಲ್ಲಿ ಮೃತರಾದರು. ಅದಾದ ಒಂದು ವರ್ಷಕ್ಕೆ, ೨೦೧೮ರ ಜನವರಿ ೨೨ರಂದು, ಸರ್ಲೀಫರು ತಮ್ಮ ಎರಡು ಅವಧಿಗಳನ್ನು ಮುಗಿಸಿ, ಜನರು ಆರಿಸಿದ ಜಾರ್ಜ್ ವೇಯಾ ಎಂಬವರಿಗೆ ಅಧಿಕಾರವನ್ನು ಒಪ್ಪಿಸಿದರು. ಚುನಾಯಿತರೊಬ್ಬರು ಚುನಾಯಿತರಾದ ಇನ್ನೊಬ್ಬರಿಗೆ ಶಾಂತವಾಗಿ ರಾಜ್ಯವನ್ನು ಒಪ್ಪಿಸಿಕೊಟ್ಟದ್ದು ಆ ದೇಶದಲ್ಲಿ ೧೯೪೪ರಿಂದೀಚೆಗೆ ಅದೇ ಮೊದಲು. ಆ ದಿನವನ್ನು ನೋಡಲು ಪೆರಿಯವರು ಇರಲಿಲ್ಲ.